ಯಾರ ಜೊತೆಗೂ ಕೂಡದ ಗಾಳಿಗಳು: ಆಸ್ಪತ್ರೆಯಲ್ಲಿ ಜಡಾನಿಲಗಳ ಕೆಲಸ

(ವಿಜಯಪುರದಲ್ಲಿ ನರ್ಸಿಂಗ್, ಟೆಕ್ನಿಷಿಯನ್ ಮತ್ತು ಬಿ.ಎಸ್ಸಿ. ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಯಾವುದರ ಜೊತೆಗೂ ಸುಲಭಕ್ಕೆ ಕೂಡದ ಹೀಲಿಯಂ, ಆರ್ಗಾನ್, ಕ್ಸೆನಾನ್‌ಗಳಂಥ ಜಡಾನಿಲಗಳು ಆಸ್ಪತ್ರೆಯಲ್ಲಿ ಮಾಡುವ ಕೆಲಸ ಇವತ್ತಿನ ವಿಷಯ. ಹೀಲಿಯಂ ಸಿಕ್ಕ ಕತೆಯಿಂದ ಶುರು ಮಾಡೋಣ.

1868ರ ಆಗಸ್ಟ್ 18, ಶ್ರಾವಣದ ಅಮಾವಾಸ್ಯೆ. ಅವತ್ತಿನ ಪೂರ್ಣ ಸೂರ್ಯಗ್ರಹಣದ ನೆರಳು ನಮ್ಮ ಈ ನೆಲದ ಮೇಲೆಯೇ ಹಾದುಹೋಯಿತು. ಕೃಷ್ಣೆ ದಾಟಿದರೆ ಸಿಗುವ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂಬ ಸರ್ವೆ ಅಧಿಕಾರಿ ದುರ್ಬೀನಿಗೆ, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ವರ್ಣಪಟಲದರ್ಶಕ ಜೋಡಿಸಿಕೊಂಡು ಕಾದಿದ್ದರು. ಇದೇ ಊರಿನಲ್ಲಿ, ಆಗಿನ ಬಿಜಾಪುರದಲ್ಲಿ, ಕ್ಯಾಪ್ಟನ್ ಹೇಗ್ ಎಂಬವರು ಅದೇ ಕೆಲಸಕ್ಕೆ ಕೂತಿದ್ದರು. ಮಳೆಗಾಲವಾದ್ದರಿಂದ ಜಮಖಂಡಿಯಲ್ಲಿ ಮೋಡ ಬಹಳ ಕಾಡಿತು. ಮೋಡ ಸರಿದ ಗಳಿಗೆಯಲ್ಲಿ, ಸೂರ್ಯನ ಅಂಚಿನಿಂದ ಚಿಮ್ಮಿದ ಜ್ವಾಲೆಯ ಬೆಳಕಿನಲ್ಲಿ ಹರ್ಷೆಲ್ಲರಿಗೆ ಮೂರು ಹೊಳೆಯುವ ಗೆರೆಗಳು ಕಂಡವು: ಒಂದು ಕೆಂಪು, ಒಂದು ಕಿತ್ತಳೆ, ಒಂದು ನೀಲಿ. ಕಿತ್ತಳೆಯದು ಸೋಡಿಯಮ್ಮಿನದೇ ಎಂದು ಅವರು ಗುರುತು ಹಾಕಿಕೊಂಡರು. ಒಂದೊಂದು ಧಾತುವಿಗೂ ತನ್ನದೇ ಗೆರೆಗಳಿರುತ್ತವೆ, ಸೋಡಿಯಮ್ಮಿನ ಜೋಡಿ ಗೆರೆ ಇರುವುದು 589.0 ಮತ್ತು 589.6 ನ್ಯಾನೋಮೀಟರಿನಲ್ಲಿ. ಅವರ ಕಣ್ಣಿಗೆ ಬಿದ್ದದ್ದು 587.6ರ ಗೆರೆ, ಅಂದರೆ ಹೀಲಿಯಂ. ಅದೇ ಗ್ರಹಣವನ್ನು ಗುಂಟೂರಿನಿಂದ ನೋಡಿದ ಫ್ರಾನ್ಸಿನ ಜಾನ್ಸೆನ್, ಆಮೇಲೆ ಅಕ್ಟೋಬರಿನಲ್ಲಿ ಗ್ರಹಣದ ಹಂಗಿಲ್ಲದೆ ಇಂಗ್ಲೆಂಡಿನಿಂದಲೇ ಆ ಗೆರೆ ನೋಡಿದ ಲಾಕ್ಯರ್, ಇವರಿಬ್ಬರ ಹೆಸರು ಪುಸ್ತಕಗಳಲ್ಲಿ ಉಳಿಯಿತು. ಜಮಖಂಡಿಯ ಹೆಸರು ಉಳಿಯಲಿಲ್ಲ. ಆ ಊರಿನ ಪ್ರತಿ ಶಾಲೆಯ ಗೋಡೆಯ ಮೇಲೂ ಈ ಸಂಗತಿ ಬರೆದಿಡಬೇಕು ಅನ್ನುವುದು ನಮ್ಮ ಆಸೆ.

ಸೂರ್ಯನಲ್ಲಿ ಸಿಕ್ಕ ಈ ಧಾತು ಭೂಮಿಯ ಮೇಲೆ ಕೈಗೆ ಸಿಕ್ಕಿದ್ದು 1895ರಲ್ಲಿ, ವಿಲಿಯಂ ರಾಮ್ಸೆ ಅವರಿಗೆ, ಯುರೇನಿಯಂ ಅದಿರಿನೊಳಗೆ. ಅದಕ್ಕೂ ಒಂದು ವರ್ಷ ಮೊದಲು ಅವರೂ ರ‍್ಯಾಲೀ ಅವರೂ ಸೇರಿ ಆರ್ಗಾನ್ ಕಂಡುಹಿಡಿದಿದ್ದರು. ಗಾಳಿಯಿಂದ ತೆಗೆದ ನೈಟ್ರೋಜನ್ ಒಂದು ಲೀಟರಿಗೆ 1.257 ಗ್ರಾಂ ತೂಗಿತು, ರಾಸಾಯನಿಕಗಳಿಂದ ತಯಾರಿಸಿದ್ದು 1.251 ಗ್ರಾಂ. ಆರು ಮಿಲಿಗ್ರಾಂ ವ್ಯತ್ಯಾಸ! ತಕ್ಕಡಿಯ ತಪ್ಪು ಅಂತ ಅವರು ಬಿಟ್ಟುಬಿಡಲಿಲ್ಲ. 1898ರಲ್ಲಿ ರಾಮ್ಸೆ ಮತ್ತು ಟ್ರಾವರ್ಸ್ ಕೂಡಿ ಕ್ರಿಪ್ಟಾನ್, ನಿಯಾನ್, ಕ್ಸೆನಾನ್ ಮೂರನ್ನೂ ತೆಗೆದರು.

ಆರ್ಗಾನ್ ಎಂಬ ಗ್ರೀಕ್ ಮಾತಿಗೆ ಸೋಮಾರಿ ಎಂದರ್ಥ. ಈ ಅನಿಲಗಳ ಪರಮಾಣುಗಳ ಹೊರಕವಚದಲ್ಲಿ ಎಲೆಕ್ಟ್ರಾನುಗಳು ಭರ್ತಿಯಾಗಿವೆ, ಹೀಲಿಯಮ್ಮಿಗೆ ಎರಡು, ಉಳಿದವಕ್ಕೆ ಎಂಟು. ಕೊಡಬೇಕಾದ್ದೂ ಇಲ್ಲ, ಬೇಡಬೇಕಾದ್ದೂ ಇಲ್ಲ. 1962ರಲ್ಲಿ ನೀಲ್ ಬಾರ್ಟ್ಲೆಟ್ ಕ್ಸೆನಾನ್‌ನ ಸಂಯುಕ್ತ ಮಾಡಿ ತೋರಿಸಿದರು ನಿಜ, ಆದರೆ ಮನುಷ್ಯನ ಮೈಯೊಳಗೆ ಅಂಥ ಕೂಡಿಕೆ ನಡೆಯುವುದಿಲ್ಲ. ಈಗ ನಾವು ಉಸಿರಾಡುತ್ತಿರುವ ಗಾಳಿಯಲ್ಲಿ ಆರ್ಗಾನ್ ಶೇ. 0.93ರಷ್ಟಿದೆ. ದಿನಕ್ಕೆ ಹತ್ತು ಸಾವಿರ ಲೀಟರ್ ಗಾಳಿ ಒಳಗೆ ಹೋಗುತ್ತದೆ ಎಂದು ಹಿಡಿದರೆ ಅದರಲ್ಲಿ 93 ಲೀಟರ್ ಆರ್ಗಾನ್ ಬಂದು ಹಾಗೇ ಹೊರಗೆ ಹೋಗುತ್ತದೆ. ಮೈಗೆ ಅದರ ಸುದ್ದಿಯೇ ಇಲ್ಲ.

ಇವತ್ತಿನ ಮಾತಿನ ತಿರುಳು ಇಲ್ಲೇ ಇದೆ. ಔಷಧವೆಂದರೆ ಮೈಯ ರಸಾಯನದಲ್ಲಿ ಕೈ ಹಾಕುವ ವಸ್ತು. ಈ ಅನಿಲಗಳು ಹಾಗೆ ಕೈ ಹಾಕುವುದಿಲ್ಲ. ಅವುಗಳ ಹಗುರು, ಅವುಗಳ ತಂಪು, ವಿದ್ಯುತ್ ಹಾಯಿಸಿದಾಗ ಅವು ಕೊಡುವ ಬೆಳಕು, ಇಷ್ಟನ್ನೇ ವೈದ್ಯರು ಬಳಸಿಕೊಳ್ಳುತ್ತಾರೆ. ಅವು ಮಾಡುವ ಕೇಡೂ ಅಂಥದ್ದೇ: ಆಮ್ಲಜನಕವನ್ನು ಪಕ್ಕಕ್ಕೆ ತಳ್ಳುವುದು, ಒತ್ತಡದಿಂದ ಒಡೆಯುವುದು, ತಂಪಿನಿಂದ ಸುಡುವುದು. ಇನ್ನೊಂದನ್ನು ಸರಿಯಾಗಿ ಮನಸ್ಸಿನಲ್ಲಿಟ್ಟುಕೊಳ್ಳಿ. ಉಸಿರು ಕಟ್ಟಿದಾಗ ಆಗುವ ಒದ್ದಾಟ ಆಮ್ಲಜನಕ ಕಡಿಮೆಯಾಗಿದ್ದಕ್ಕಿಂತ ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್ ಏರಿದ್ದರಿಂದ. ಹೀಲಿಯಮ್ಮನ್ನೋ ಆರ್ಗಾನನ್ನೋ ಉಸಿರಾಡುವವನು ಡೈಆಕ್ಸೈಡನ್ನು ಎಂದಿನಂತೆ ಹೊರಗೆ ಹಾಕುತ್ತಲೇ ಇರುತ್ತಾನೆ. ಒದ್ದಾಟವಿಲ್ಲ, ಕೆಮ್ಮಿಲ್ಲ, ವಾಸನೆಯಿಲ್ಲ. ನಾಲ್ಕಾರು ಉಸಿರಿಗೆ ಎಚ್ಚರ ತಪ್ಪಿ ಬೀಳುತ್ತಾನೆ.

ಮೊದಲು ತಂಪಿನ ವಿಷಯ. ನಮ್ಮ ಊರುಗಳಲ್ಲಿ ಅತಿ ಹೆಚ್ಚು ಹೀಲಿಯಂ ಇರುವ ಜಾಗ ಎಂಆರ್‌ಐ ಕೋಣೆ. ಆ ಯಂತ್ರದ ಕಾಂತ ಎಂದರೆ ನಯೋಬಿಯಂ-ಟೈಟಾನಿಯಂ ತಂತಿಯ ಸುರುಳಿ. ಅದು ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನ ದ್ರವ ಹೀಲಿಯಮ್ಮಿನಲ್ಲಿ ಮುಳುಗಿರುತ್ತದೆ. ಆ ತಂಪಿನಲ್ಲಿ ತಂತಿಗೆ ವಿದ್ಯುತ್ ತಡೆಯೇ ಇರುವುದಿಲ್ಲ. ಒಮ್ಮೆ ಹಾಯಿಸಿದ ಕರೆಂಟು ಸುತ್ತುತ್ತಲೇ ಇರುತ್ತದೆ. ಹಾಗಾಗಿ ಊರಲ್ಲಿ ಕರೆಂಟ್ ಹೋದರೂ ಕಾಂತ ಹೋಗುವುದಿಲ್ಲ. ರಾತ್ರಿ ಪಾಳಿಯಲ್ಲಿ ನೆಲ ಒರೆಸಲು ಕಬ್ಬಿಣದ ಬಕೀಟು ತಂದವರು, ಗಡಿಬಿಡಿಯಲ್ಲಿ ಆಕ್ಸಿಜನ್ ಸಿಲಿಂಡರ್ ತಳ್ಳಿಕೊಂಡು ಬಂದವರು, ಎಲ್ಲರಿಗೂ ಇದು ಗೊತ್ತಿರಬೇಕು. ಮಷಿನ್ ಆಫ್ ಆಗಿದೆ ಎಂಬ ಮಾತಿಗೆ ಎಂಆರ್‌ಐ ಕೋಣೆಯಲ್ಲಿ ಅರ್ಥವಿಲ್ಲ.

ಸ್ಕ್ಯಾನ್ ನಡೆಯದ ಹೊತ್ತಿನಲ್ಲೂ ಆ ಕೋಣೆಯಲ್ಲಿ ಹಕ್ಕಿ ಉಲಿದಂತೆ ಚಿಕ್-ಚಿಕ್ ಎಂಬ ಸದ್ದು ಕೇಳುತ್ತದೆ. ಅದು ಕೋಲ್ಡ್ ಹೆಡ್. ಆವಿಯಾಗಿ ಮೇಲೆದ್ದ ಹೀಲಿಯಮ್ಮನ್ನು ಮತ್ತೆ ಹನಿಯಾಗಿಸಿ ಕೆಳಗೆ ಬಿಡುವ ಭಾಗ. ಅದನ್ನು ನಡೆಸುವುದು ಕಂಪ್ರೆಸರ್, ಕಂಪ್ರೆಸರಿನ ಬಿಸಿ ಹೊರಗೆ ಒಯ್ಯುವುದು ಚಿಲ್ಲರಿನ, ಅಂದರೆ ನೀರು ತಂಪಾಗಿಸುವ ಯಂತ್ರದ, ನೀರು. ಈ ಸರಪಳಿಯಲ್ಲಿ ಯಾವುದು ನಿಂತರೂ ಸದ್ದು ನಿಲ್ಲುತ್ತದೆ, ಹೀಲಿಯಂ ಕುದಿದು ಖಾಲಿಯಾಗುತ್ತ ಹೋಗುತ್ತದೆ. ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ತಾರಸಿಯ ಮೇಲೆ ನೆರಳಿಲ್ಲದೆ ಇಟ್ಟ ಚಿಲ್ಲರಿನ ರೆಕ್ಕೆಗಳಲ್ಲಿ ಎರೆಮಣ್ಣಿನ ಧೂಳು ತುಂಬಿಕೊಂಡರೆ ಮಧ್ಯಾಹ್ನ ಎರಡು ಗಂಟೆಗೆ ನೀರು ಕಾದು ಕಂಪ್ರೆಸರ್ ಟ್ರಿಪ್ ಆಗುತ್ತದೆ. ಬೇಸಿಗೆಗೆ ಮುಂಚೆ ಆ ರೆಕ್ಕೆ ತೊಳೆಸಿ, ಮೇಲೊಂದು ನೆರಳು ಮಾಡಿಸಿ. ಗಾಳಿಯಾಡಲು ಸುತ್ತ ಜಾಗ ಬಿಡಿ. ಇನ್ನೊಂದು ತಪ್ಪು ಎಲ್ಲೆಡೆ ಆಗುವಂಥದ್ದು: ಕಂಪ್ಯೂಟರಿಗೆ ಯುಪಿಎಸ್ ಇರುತ್ತದೆ, ಚಿಲ್ಲರ್ ಮಾತ್ರ ಜನರೇಟರಿನ ಲೈನಿನಲ್ಲಿ ಇರುವುದಿಲ್ಲ. ಚಿತ್ರ ಉಳಿಯುತ್ತದೆ, ಹೀಲಿಯಂ ಹೋಗುತ್ತದೆ. ಚಿಲ್ಲರ್, ಕಂಪ್ರೆಸರ್ ಎರಡೂ ಜನರೇಟರಿನ ಮೇಲಿರಬೇಕು. ಹೀಲಿಯಂ ಮಟ್ಟದ ಶೇಕಡಾ, ಪಾತ್ರೆಯ ಒತ್ತಡ, ಚಿಲ್ಲರ್ ನೀರಿನ ಉಷ್ಣತೆ, ಈ ಮೂರನ್ನು ದಿನಾ ಬೆಳಗ್ಗೆ ವಹಿಯಲ್ಲಿ ಬರೆಯಿರಿ. ಮಟ್ಟ ಇಳಿಯುತ್ತಿರುವುದು ಒಂದು ದಿನದ ಅಂಕಿಯಿಂದ ಗೊತ್ತಾಗುವುದಿಲ್ಲ, ಹದಿನೈದು ದಿನದ ಅಂಕಿಗಳನ್ನು ಸಾಲಾಗಿ ನೋಡಿದರೆ ಗೊತ್ತಾಗುತ್ತದೆ. ಭಾರತ ತನಗೆ ಬೇಕಾದ ಹೀಲಿಯಮ್ಮನ್ನು ಬಹುಪಾಲು ಹೊರದೇಶಗಳಿಂದ ತರಿಸಿಕೊಳ್ಳುತ್ತದೆ. ಬೇಕೆಂದಾಗ ಸಿಗುವ ಸರಕಲ್ಲ ಅದು.

ಸುರುಳಿಯ ಒಂದು ತುಣುಕು ಬಿಸಿಯಾಗಿ ವಿದ್ಯುತ್ ತಡೆ ಮರಳಿ ಬಂದರೆ ಆ ಬಿಸಿ ಇಡೀ ಸುರುಳಿಗೆ ಹಬ್ಬುತ್ತದೆ, ದ್ರವವೆಲ್ಲ ಒಮ್ಮೆಲೇ ಆವಿಯಾಗುತ್ತದೆ. ಇದನ್ನೇ ಕ್ವೆಂಚ್ ಅನ್ನುವುದು. ಒಂದು ಲೀಟರ್ ದ್ರವದಿಂದ ಕೋಣೆಯ ಉಷ್ಣತೆಯಲ್ಲಿ ಸುಮಾರು 750 ಲೀಟರ್ ಅನಿಲ. ಹಳೆಯ ಮಾದರಿಯ ಯಂತ್ರದಲ್ಲಿ 1,500 ಲೀಟರ್ ದ್ರವ ಇದೆ ಎನ್ನಿ, 1,125 ಘನ ಮೀಟರ್ ಅನಿಲವಾಯಿತು. ಆರು ಮೀಟರ್ ಉದ್ದ, ಏಳು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೋಣೆಗೆ ಹಿಡಿಸುವುದು 126 ಘನ ಮೀಟರ್. ಅಂದರೆ ಅಂಥ ಒಂಬತ್ತು ಕೋಣೆ ತುಂಬುವಷ್ಟು. ಇದೆಲ್ಲ ದಪ್ಪ ಕ್ವೆಂಚ್ ಪೈಪಿನ ಮೂಲಕ ಹೊರಗೆ ಹೋಗಬೇಕು. ಪೈಪಿನ ಬಾಯಲ್ಲಿ ಪಾರಿವಾಳ ಗೂಡು ಕಟ್ಟಿದ್ದರೆ, ಜಾಲರಿ ಹರಿದಿದ್ದರೆ, ಮಳೆನೀರು ನಿಂತಿದ್ದರೆ ಅನಿಲ ಕೋಣೆಯೊಳಗೇ ನುಗ್ಗುತ್ತದೆ. ಹೊರಗಿನ ಬಾಯನ್ನು ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಕಣ್ಣಾರೆ ನೋಡಿ. ಅಂಥ ಕೋಣೆಯಲ್ಲಿ ಆಮ್ಲಜನಕ ಶೇ. 20.9ರಿಂದ ಎಚ್ಚರಿಕೆಯ ಮಟ್ಟವಾದ 19.5ಕ್ಕೆ ಇಳಿಯಲು ಎಷ್ಟು ದ್ರವ ಸೋರಬೇಕು ಗೊತ್ತೇ? ಹನ್ನೆರಡು ಲೀಟರಿಗಿಂತ ಕಡಿಮೆ.

ಬಿಳಿ ಮಂಜು ಚಾವಣಿಯಿಂದ ಇಳಿಯತೊಡಗಿದರೆ ಫೋಟೋ ತೆಗೆಯುತ್ತ ನಿಲ್ಲಬೇಡಿ. ಬಾಗಿಲು ಒಳಕ್ಕೆ ತೆರೆಯುವಂಥದ್ದಾದರೆ ಒಳಗಿನ ಒತ್ತಡಕ್ಕೆ ಅದು ಜಗ್ಗುವುದೇ ಇಲ್ಲ. ಆಗ ಕಂಟ್ರೋಲ್ ರೂಮಿನ ಗಾಜು ಒಡೆದು ಒತ್ತಡ ಇಳಿಸಬೇಕು. ಬಾಗಿಲು ಹೊರಕ್ಕೆ ತೆರೆಯುವಂತೆ ಮೊದಲೇ ಕಟ್ಟಿಸುವುದೇ ಜಾಣತನ. ಹೀಲಿಯಂ ಮೇಲಕ್ಕೇರುವುದರಿಂದ ಬಗ್ಗಿಕೊಂಡು ಒಳಗೆ ಹೋಗಿ ರೋಗಿಯನ್ನು ಎಳೆದು ತನ್ನಿ, ಪೈಪನ್ನಾಗಲಿ ಮಂಜನ್ನಾಗಲಿ ಬರಿಗೈಯಲ್ಲಿ ಮುಟ್ಟಬೇಡಿ. ಗೋಡೆಯ ಮೇಲಿನ ಕ್ವೆಂಚ್ ಗುಂಡಿ ಮುಖ್ಯವಾಗಿ ಇರುವುದು ಕಬ್ಬಿಣದ ವಸ್ತುವಿಗೂ ಯಂತ್ರಕ್ಕೂ ನಡುವೆ ಮನುಷ್ಯ ಸಿಕ್ಕಿಬಿದ್ದಾಗ ಒತ್ತಲಿಕ್ಕೆ. ಬರಿ ಸಿಲಿಂಡರ್ ಅಂಟಿಕೊಂಡಿದೆ, ಯಾರಿಗೂ ಪೆಟ್ಟಾಗಿಲ್ಲ ಎಂದಾದರೆ ಒತ್ತಬೇಡಿ, ಕಂಪನಿಯ ಎಂಜಿನಿಯರರನ್ನು ಕರೆಸಿ. ಈಚೆಗೆ ಏಳೇ ಲೀಟರ್ ಹೀಲಿಯಮ್ಮನ್ನು ಒಳಗೇ ಮುಚ್ಚಿ ಬೆಸೆದ ಯಂತ್ರಗಳು ಬಂದಿವೆ, ಅವಕ್ಕೆ ಕ್ವೆಂಚ್ ಪೈಪೇ ಬೇಡ. ನಮ್ಮಂಥ ಬಿಸಿಲೂರಿಗೆ ಹೇಳಿ ಮಾಡಿಸಿದ್ದು ಅದು.

ಇನ್ನು ಹಗುರು. ಒಂದು ಲೀಟರ್ ಗಾಳಿ 1.29 ಗ್ರಾಂ, ಹೀಲಿಯಂ 0.18 ಗ್ರಾಂ. ಶೇ. 80 ಹೀಲಿಯಂ, 20 ಆಮ್ಲಜನಕದ ಮಿಶ್ರಣ ಲೀಟರಿಗೆ 0.43 ಗ್ರಾಂ, ಅಂದರೆ ಗಾಳಿಯ ಮೂರನೇ ಒಂದು ಪಾಲು. ಇದಕ್ಕೆ ಹೀಲಿಯಾಕ್ಸ್ ಎಂದು ಹೆಸರು. ಅಮೆರಿಕದ ಆಲ್ವನ್ ಬರಾಕ್ 1930ರ ದಶಕದಲ್ಲೇ ಇದನ್ನು ಉಬ್ಬಸದವರಿಗೆ ಕೊಟ್ಟರು. ಗಂಟಲ ಬಳಿ ಶ್ವಾಸನಾಳ ಕಿರಿದಾದಾಗ ಗಾಳಿ ಸುಳಿಸುತ್ತಿ ನುಗ್ಗುತ್ತದೆ, ಆ ಸುಳಿಯಲ್ಲಿ ತಡೆ ಹುಟ್ಟುವುದು ಅನಿಲದ ಸಾಂದ್ರತೆಯಿಂದ. ಹಗುರ ಅನಿಲ ಅದೇ ಕಿಂಡಿಯಲ್ಲಿ ಕಡಿಮೆ ಶ್ರಮದಲ್ಲಿ ದಾಟುತ್ತದೆ. ಮಕ್ಕಳಿಗೆ ಗಂಟಲು ಊದಿ ಉಸಿರು ಕಟ್ಟುವ ಕ್ರೂಪ್, ಉಸಿರಾಟದ ಟ್ಯೂಬ್ ತೆಗೆದ ಮೇಲೆ ಗಂಟಲು ಊದಿ ಬರುವ ಕರ್ಕಶ ಉಸಿರು, ಗಂಟಲ ಗಡ್ಡೆ, ತೀವ್ರ ದಮ್ಮು, ಇಲ್ಲೆಲ್ಲ ಅದು ರೋಗ ವಾಸಿ ಮಾಡುವುದಿಲ್ಲ. ಸ್ಟೀರಾಯ್ಡ್ ಕೆಲಸ ಶುರು ಮಾಡುವವರೆಗೆ ರೋಗಿ ದಣಿದು ಕುಸಿಯದಂತೆ ಹಿಡಿದಿಡುತ್ತದೆ. ಒಂದೆರಡು ತಾಸು ಸಿಕ್ಕರೆ ಅದೇ ದೊಡ್ಡದು.

ಇದರಲ್ಲಿ ಎಡವುವುದು ಎಲ್ಲಿ? ಆಕ್ಸಿಜನ್ನಿನ ಹರಿವು ಅಳೆಯುವ ಫ್ಲೋಮೀಟರನ್ನೇ ಹೀಲಿಯಾಕ್ಸ್ ಸಿಲಿಂಡರಿಗೆ ಜೋಡಿಸಿದಾಗ. ಗಾಜಿನ ನಳಿಗೆಯಲ್ಲಿ ಗುಂಡು 10ರ ಗೆರೆಯಲ್ಲಿ ನಿಂತಿದೆ. ಹಗುರ ಅನಿಲ ಅದೇ ಗುಂಡನ್ನು ಅದೇ ಎತ್ತರಕ್ಕೆ ಎತ್ತಬೇಕಾದರೆ ಹೆಚ್ಚು ರಭಸದಿಂದ ಹರಿಯಬೇಕು. ಆದ್ದರಿಂದ 80:20ರಲ್ಲಿ ನಿಜವಾಗಿ ಹೋಗುತ್ತಿರುವುದು ನಿಮಿಷಕ್ಕೆ 18 ಲೀಟರ್, 70:30 ಆದರೆ 16. ಗುಣಾಕಾರ 1.8 ಮತ್ತು 1.6, ಇದನ್ನು ಚೀಟಿಯಲ್ಲಿ ಬರೆದು ಫ್ಲೋಮೀಟರಿಗೇ ಅಂಟಿಸಿ. ಏಳು ಸಾವಿರ ಲೀಟರಿನ ಜಂಬೋ ಸಿಲಿಂಡರ್ 18ರ ಲೆಕ್ಕದಲ್ಲಿ ಆರೂವರೆ ತಾಸು ಬರುತ್ತದೆ. ಹತ್ತರ ಲೆಕ್ಕ ಹಿಡಿದು ಹನ್ನೊಂದೂವರೆ ತಾಸು ಬರುತ್ತದೆಂದು ಕೂತವರಿಗೆ ನಡುರಾತ್ರಿ ಸಿಲಿಂಡರ್ ಖಾಲಿಯಾಗುತ್ತದೆ. ಮೂಗಿನ ನಳಿಗೆಯಲ್ಲಿ ಕೊಡಬೇಡಿ, ಅಕ್ಕಪಕ್ಕದ ಗಾಳಿ ಬೆರೆತು ಲಾಭವೆಲ್ಲ ಹೋಗುತ್ತದೆ. ಚೀಲವಿರುವ, ಮುಖಕ್ಕೆ ಬಿಗಿಯಾಗಿ ಕೂಡುವ ಮಾಸ್ಕ್ ಬೇಕು, ಚೀಲ ಸದಾ ಉಬ್ಬಿರಬೇಕು. ಶೇ. 40ಕ್ಕಿಂತ ಹೆಚ್ಚು ಆಮ್ಲಜನಕ ಬೇಕಾಗುವ ರೋಗಿಗೆ ಹೀಲಿಯಮ್ಮಿಗೆ ಜಾಗವೇ ಉಳಿಯುವುದಿಲ್ಲ, ಅಂಥವರಿಗೆ ಇದು ಅಲ್ಲ. ವೆಂಟಿಲೇಟರಿಗೆ ಹೀಲಿಯಾಕ್ಸ್ ಸೆಟ್ಟಿಂಗ್ ಇಲ್ಲದಿದ್ದರೆ ಅದು ತೋರಿಸುವ ಪ್ರಮಾಣವೆಲ್ಲ ತಪ್ಪು. ಹೀಲಿಯಂ ಶಾಖವನ್ನು ಗಾಳಿಗಿಂತ ಆರು ಪಟ್ಟು ಬೇಗ ಒಯ್ಯುವುದರಿಂದ ಕೂಸುಗಳ ಮೈ ತಣ್ಣಗಾಗುತ್ತದೆ. ಅನಿಲವನ್ನು ಬೆಚ್ಚಗೆ ಮಾಡಿ, ತೇವ ಸೇರಿಸಿ ಕೊಡಿ. ಮೊದಲೇ ಬೆರೆಸಿ ಬಂದ ಸಿಲಿಂಡರನ್ನೇ ಬಳಸಿ, ಅಪ್ಪಟ ಹೀಲಿಯಂ ಸಿಲಿಂಡರ್ ರೋಗಿಯ ಮಂಚದ ಬಳಿ ಬರಲೇಕೂಡದು.

ಒಂದು ಅಪವಾದ: ಸೋತ ಹೃದಯಕ್ಕೆ ನೆರವಾಗುವ ಬಲೂನ್ ಪಂಪು. ಅದರ ಜೊತೆ ಅಪ್ಪಟ ಹೀಲಿಯಮ್ಮಿನ ಪುಟ್ಟ ಸಿಲಿಂಡರ್ ಇರುತ್ತದೆ. ಮಹಾಪಧಮನಿಯಲ್ಲಿಟ್ಟ ಉದ್ದನೆಯ ಬಲೂನು ಹೃದಯ ಸಡಿಲಿದಾಗ ಉಬ್ಬಬೇಕು, ಸಂಕುಚಿಸುವ ಗಳಿಗೆಗೆ ಕುಗ್ಗಬೇಕು. ನಾಡಿ ನಿಮಿಷಕ್ಕೆ ನೂರಿದ್ದರೆ ಇದೆಲ್ಲ 0.6 ಸೆಕೆಂಡಿನಲ್ಲಿ ಆಗಬೇಕು. ಎರಡೂವರೆ ಮಿಲಿಮೀಟರ್ ದಪ್ಪದ ಕ್ಯಾಥೆಟರ್ ನಳಿಗೆಯಲ್ಲಿ 40 ಮಿ.ಲೀ. ಅನಿಲ ಅಷ್ಟು ಬೇಗ ಹೋಗಿ ಬರಲು ಹೀಲಿಯಮ್ಮಿನಂಥ ಹಗುರವೇ ಬೇಕು. ಅದು ರಕ್ತದಲ್ಲಿ ಸುಲಭವಾಗಿ ಕರಗುವುದಿಲ್ಲ, ಅಪಾಯ ಇರುವುದು ಅದರಲ್ಲೇ: ಬಲೂನು ಸೋರಿದರೆ ಗುಳ್ಳೆಯಾಗಿ ಉಳಿದು ರಕ್ತನಾಳ ಕಟ್ಟಬಹುದು. ಪಾಳಿ ಬದಲಾಗುವಾಗ ಟಾರ್ಚ್ ಹಿಡಿದು ಪಾರದರ್ಶಕ ನಳಿಗೆಯನ್ನು ನೋಡಿ. ನೀರಿನ ಹನಿ ಇದ್ದರೆ ಅದು ಬರಿ ತೇವ, ತೆಗೆಯಬಹುದು. ತುಕ್ಕಿನ ಬಣ್ಣದ, ಕಾಫಿ ಪುಡಿಯಂಥ ಚೂರು ಕಂಡರೆ ಬಲೂನು ತೂತಾಗಿ ರಕ್ತ ಒಳಗೆ ಬಂದು ಒಣಗಿದೆ ಎಂದೇ ತಿಳಿಯಿರಿ. ಪಂಪು ನಿಲ್ಲಿಸಿ, ಮತ್ತೆ ಶುರು ಮಾಡಬೇಡಿ, ಡಾಕ್ಟರನ್ನು ಆ ಕ್ಷಣವೇ ಕರೆಯಿರಿ. ನಿಂತ ಬಲೂನು ಅರ್ಧ ತಾಸಿಗಿಂತ ಹೆಚ್ಚು ಒಳಗಿದ್ದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ.

ರಕ್ತದಲ್ಲಿ ಕರಗದ ಈ ಗುಣವೇ ಶ್ವಾಸಕೋಶದ ಅಳತೆಗೆ ಆಧಾರ. ಆರು ಲೀಟರಿನ ಪಾತ್ರೆಯಲ್ಲಿ ಶೇ. 10 ಹೀಲಿಯಂ ಇಟ್ಟು ರೋಗಿಗೆ ಉಸಿರಾಡಿಸಿದೆವು, ಕೊನೆಗೆ ಅದು ಶೇ. 7ಕ್ಕೆ ನಿಂತಿತು. ಹೀಲಿಯಂ ಎಲ್ಲೂ ಹೋಗಿಲ್ಲ, ಜಾಗ ಹೆಚ್ಚಾಗಿದೆ ಅಷ್ಟೇ. 6 ಗುಣಿಸು 3, ಭಾಗಿಸು 7: ಉಸಿರು ಬಿಟ್ಟ ಮೇಲೂ ಎದೆಯಲ್ಲಿ ಉಳಿದ ಗಾಳಿ 2.57 ಲೀಟರ್. ತುಟಿಯ ಬಳಿ ಸೋರಿದರೆ ಅಂಕಿ ಸುಳ್ಳೇ ದೊಡ್ಡದಾಗುತ್ತದೆ. ಬೀಡಿ ಸೇದಿ ಎದೆ ಕೆಟ್ಟವರಲ್ಲಿ ಗಾಳಿ ಮೂಲೆಗಳಲ್ಲಿ ಸಿಕ್ಕಿಕೊಂಡಿರುತ್ತದೆ, ಹೀಲಿಯಂ ಅಲ್ಲಿಗೆ ತಲುಪುವುದಿಲ್ಲ. ಅವರಲ್ಲಿ ಅಂಕಿ ಸಣ್ಣದಾಗಿ ಬರುತ್ತದೆ.

ಆರ್ಗಾನ್ ಬೆಳಗಾವಿಯ ಉದ್ಯಮಬಾಗದ ವೆಲ್ಡಿಂಗ್ ಅಂಗಡಿಗಳವರಿಗೆ ಚಿರಪರಿಚಿತ. ಟಿಗ್ ವೆಲ್ಡಿಂಗಿನಲ್ಲಿ ಅದು ಕರಗಿದ ಲೋಹಕ್ಕೆ ಆಮ್ಲಜನಕ ತಾಗದಂತೆ ಕಾಯುತ್ತದೆ. ಎಂಡೋಸ್ಕೋಪಿಯಲ್ಲೂ ಅದರದ್ದು ಹೆಚ್ಚುಕಮ್ಮಿ ಅದೇ ವೇಷ. ಗರ್ಭಕಂಠದ ಕ್ಯಾನ್ಸರಿಗೆ ರೇಡಿಯೇಷನ್ ಪಡೆದ ಹೆಂಗಸರಲ್ಲಿ ಕೆಲವರಿಗೆ ತಿಂಗಳುಗಳ ನಂತರ ಗುದನಾಳದಿಂದ ರಕ್ತ ಹೋಗತೊಡಗುತ್ತದೆ. ಆಗ ಆರ್ಗಾನ್ ಪ್ಲಾಸ್ಮಾ ಬಳಸುತ್ತಾರೆ. ತೆಳು ಪ್ರೋಬಿನ ತುದಿಯಿಂದ ನಿಮಿಷಕ್ಕೆ ಅರ್ಧದಿಂದ ಎರಡು ಲೀಟರ್ ಆರ್ಗಾನ್ ಹರಿಯುತ್ತದೆ, ವಿದ್ಯುತ್ತಿನಿಂದ ಅದು ನೀಲಿಯಾಗಿ ಹೊಳೆದು, ಮುಟ್ಟದೆಯೇ ರಕ್ತನಾಳದ ಬಾಯಿ ಸುಟ್ಟು ಮುಚ್ಚುತ್ತದೆ. ಸುಟ್ಟ ಪದರ ಒಣಗಿದರೆ ಅಲ್ಲಿ ವಿದ್ಯುತ್ ಹರಿಯುವುದಿಲ್ಲ, ಕಿಡಿ ತಾನಾಗಿ ಪಕ್ಕದ ಹಸಿ ಜಾಗಕ್ಕೆ ಸರಿಯುತ್ತದೆ. ಹಾಗಾಗಿ ಸುಟ್ಟ ಆಳ ಎರಡು-ಮೂರು ಮಿಲಿಮೀಟರಿನಲ್ಲೇ ನಿಲ್ಲುತ್ತದೆ. ಕಿಡಿ ಹತ್ತದಿದ್ದರೆ ಪವರ್ ಏರಿಸುವ ಮೊದಲು ಮೂರು ನೋಡಿ: ಪ್ರೋಬು ದೂರವಾಗಿದೆಯೇ, ತುದಿಗೆ ಕರಿ ಕಟ್ಟಿದೆಯೇ, ವಿದ್ಯುತ್ ಮರಳಿ ಹೋಗಲು ತೊಡೆಯ ಮೇಲಿಟ್ಟ ಪ್ಲೇಟು ಪೂರ್ತಿ ಅಂಟಿದೆಯೇ. ಪ್ರೋಬು ಗೋಡೆಗೆ ಒತ್ತಿದರೆ ಅನಿಲ ಪದರದೊಳಗೆ ನುಗ್ಗಿ ಉಬ್ಬಿಸುತ್ತದೆ, ತೂತೂ ಆಗಬಹುದು. ಹರಿಸಿದ ಆರ್ಗಾನ್ ಹೊಟ್ಟೆಯಲ್ಲೇ ಸೇರಿಕೊಳ್ಳುವುದರಿಂದ ಆಗಾಗ ಸಕ್ಷನ್ ಮಾಡಬೇಕು. ಕರುಳು ಪೂರ್ತಿ ತೊಳೆಯದೆ ಬರಿ ಎನಿಮಾ ಕೊಟ್ಟು ಶುರು ಮಾಡಿದರೆ ಒಳಗೆ ಉಳಿದ ಮೀಥೇನ್, ಹೈಡ್ರೋಜನ್ ಕಿಡಿಗೆ ಸಿಡಿಯುತ್ತವೆ. ಇದು ನಿಜವಾಗಿ ನಡೆದ, ವೈದ್ಯಕೀಯ ದಾಖಲೆಗಳಲ್ಲಿರುವ ಅಪಾಯ. ಗುದನಾಳದ ತುದಿಯ ಕೆಲಸವಾದರೂ ಪೂರ್ತಿ ತೊಳೆದೇ ಮಾಡಬೇಕು.

ಗಡ್ಡೆಗಳನ್ನು ಹೆಪ್ಪುಗಟ್ಟಿಸಿ ಕೊಲ್ಲುವ ಸೂಜಿಗಳಲ್ಲೂ ಆರ್ಗಾನೇ ಇದೆ. ಹೆಚ್ಚಿನ ಒತ್ತಡದ ಆರ್ಗಾನ್ ಸೂಜಿಯ ತುದಿಯ ಕಿಂಡಿಯಲ್ಲಿ ಹಿಗ್ಗಿ ಮೈನಸ್ 140ರ ಕೆಳಗಿಳಿಯುತ್ತದೆ. ಅದೇ ಜಾಗದಲ್ಲಿ ಹೀಲಿಯಂ ಬಿಟ್ಟರೆ ತಣ್ಣಗಾಗುವ ಬದಲು ಬಿಸಿಯಾಗುತ್ತದೆ. ಆದ್ದರಿಂದ ಹೆಪ್ಪುಗಟ್ಟಿಸಲು ಒಂದು, ಕರಗಿಸಲು ಇನ್ನೊಂದು. ಸ್ಕ್ಯಾನಿನಲ್ಲಿ ಕಾಣುವ ಮಂಜಿನ ಗೋಲದ ಅಂಚು ಸೊನ್ನೆ ಡಿಗ್ರಿ, ಜೀವಕೋಶ ಸಾಯಲು ಮೈನಸ್ 20ರಿಂದ 40 ಬೇಕು. ಹಾಗಾಗಿ ಗೋಲ ಗಡ್ಡೆಯನ್ನು ದಾಟಿ ಐದರಿಂದ ಹತ್ತು ಮಿಲಿಮೀಟರ್ ಬೆಳೆಯುವವರೆಗೆ ಬಿಡುತ್ತಾರೆ.

ಬೆಳಕಿನ ಕೆಲಸವನ್ನು ಬೇಗ ಮುಗಿಸುತ್ತೇವೆ. ಕನ್ನಡಕ ಬಿಡಿಸುವ ಲೇಸರಿನಲ್ಲಿ ಆರ್ಗಾನ್-ಫ್ಲೋರಿನ್‌ನ 193 ನ್ಯಾನೋಮೀಟರ್ ಬೆಳಕು, ತೊನ್ನು ಮತ್ತು ಸೋರಿಯಾಸಿಸ್‌ಗೆ ಕ್ಸೆನಾನ್-ಕ್ಲೋರಿನ್‌ನ 308. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಪರದೆ ಕೆಟ್ಟವರಿಗೆ ದಶಕಗಳ ಕಾಲ ಆರ್ಗಾನ್ ಲೇಸರ್ ಹೊಡೆಯುತ್ತಿದ್ದರು, 1,200ರಿಂದ 1,600 ಚುಕ್ಕೆ. ಈಗ ಆ ಜಾಗಕ್ಕೆ ಅನಿಲದ ಬದಲು ಘನವಸ್ತು ಬಳಸುವ 532ರ ಹಸಿರು ಲೇಸರ್ ಬಂದಿದೆ.

ಕ್ಸೆನಾನ್ ಈ ಮನೆತನದಲ್ಲಿ ಬೇರೆಯೇ. ಯಾವ ಬಂಧವನ್ನೂ ಕಟ್ಟದೆ ಮಿದುಳಿನ ಒಂದು ಗ್ರಾಹಿಯಲ್ಲಿ (ರಿಸೆಪ್ಟರ್) ಸುಮ್ಮನೆ ಹೋಗಿ ಕೂತು ಅರಿವಳಿಕೆ ತರುತ್ತದೆ. 1951ರಲ್ಲಿ ಕಲೆನ್ ಮತ್ತು ಗ್ರಾಸ್ ಮನುಷ್ಯರ ಮೇಲೆ ಬಳಸಿ ತೋರಿಸಿದರು. ರಕ್ತದಲ್ಲಿ ಬಹಳ ಕಡಿಮೆ ಕರಗುವುದರಿಂದ ನಿಲ್ಲಿಸಿದ ಕೆಲ ನಿಮಿಷಕ್ಕೆ ರೋಗಿ ಕಣ್ಣು ಬಿಡುತ್ತಾನೆ, ರಕ್ತದೊತ್ತಡ ಅಷ್ಟಾಗಿ ಅಲುಗುವುದಿಲ್ಲ. ಆದರೆ ಉಸಿರಿನಲ್ಲಿ ಶೇ. 60-70ರಷ್ಟು ಬೇಕು, ಗಾಳಿಯಲ್ಲಿ ಅದಿರುವುದು ಹತ್ತು ಕೋಟಿಗೆ ಒಂಬತ್ತು ಪಾಲಿನಂತೆ. ಬೆಲೆಯೇ ಅದನ್ನು ದೊಡ್ಡ ಆಸ್ಪತ್ರೆಗಳಿಂದಲೂ ದೂರ ಇಟ್ಟಿದೆ. ಶ್ವಾಸಕೋಶದೊಳಗೆ ಗಾಳಿ ಎಲ್ಲೆಲ್ಲಿ ತಲುಪುತ್ತದೆಂದು ಎಂಆರ್‌ಐಯಲ್ಲಿ ತೋರಿಸುವ ಕ್ಸೆನಾನ್-129ಕ್ಕೆ ಅಮೆರಿಕ 2022ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿದೆ.

ರೇಡಾನ್ ಮಾತ್ರ ವಿಕಿರಣ ಸೂಸುವ ಸದಸ್ಯ. ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ, 3.8 ದಿನ. ಒಂದು ಕಾಲದಲ್ಲಿ ಚಿನ್ನದ ಪುಟ್ಟ ನಳಿಗೆಗಳಲ್ಲಿ ತುಂಬಿ ಗಡ್ಡೆಗಳಿಗೆ ಚುಚ್ಚುತ್ತಿದ್ದರು, ಈಗ ಆ ಪದ್ಧತಿಯಿಲ್ಲ. ನೆಲದ ಕಲ್ಲಿನಿಂದ ಹೊರಟು ಮುಚ್ಚಿದ ಕೋಣೆಯಲ್ಲಿ ಸೇರಿಕೊಂಡರೆ ಶ್ವಾಸಕೋಶದ ಕ್ಯಾನ್ಸರಿಗೆ ದಾರಿ. ವಿಜಯಪುರದ ಕರಿಕಲ್ಲಿನಂಥ ಬಸಾಲ್ಟಿನಲ್ಲಿ ಗ್ರಾನೈಟಿಗಿಂತ ಯುರೇನಿಯಂ ಕಡಿಮೆ ಇರುತ್ತದೆ. ಆದರೂ ನೆಲಮಾಳಿಗೆಯಲ್ಲಿ ಎಕ್ಸ್-ರೇ ಕೋಣೆ ಮಾಡಿದ ಕಡೆ ಗಾಳಿ ಆಡುವಂತಿರಲಿ.

ಕೊನೆಗೆ ಬಂದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಬರೆಯಲೇಬೇಕು. ಸಿದ್ಧೇಶ್ವರ ಜಾತ್ರೆಯಂಥ ಕಡೆ ಮಾರುವ ಹಾರುವ ಬಲೂನಿನಲ್ಲಿ ಇರುವುದೂ ಹೀಲಿಯಮ್ಮೇನ್ರಿ, ಅದನ್ನು ಎಳೆದುಕೊಂಡು ದನಿ ತೆಳ್ಳಗೆ ಮಾಡುವ ಆಟ ಆಡಬಹುದೇ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದರು. ಹೀಲಿಯಮ್ಮಿನಲ್ಲಿ ಶಬ್ದ ಗಾಳಿಗಿಂತ ಸುಮಾರು ಮೂರು ಪಟ್ಟು ಬೇಗ ಹೋಗುವುದರಿಂದ ದನಿ ಹಾಗಾಗುತ್ತದೆ. ಬಲೂನಿನಿಂದ ಎಳೆದರೂ ಎಚ್ಚರ ತಪ್ಪಬಹುದು, ಸಿಲಿಂಡರಿಗೆ ಬಾಯಿ ಇಟ್ಟರೆ ಒತ್ತಡಕ್ಕೆ ಶ್ವಾಸಕೋಶವೇ ಹರಿಯುತ್ತದೆ. ಆದರೆ ಜಾತ್ರೆಯ ಬಲೂನಿನಲ್ಲಿ ಎಷ್ಟೋ ಸಲ ಹೀಲಿಯಂ ಇರುವುದೇ ಇಲ್ಲ. ಹಳೆಯ ಸಿಲಿಂಡರಿಗೆ ಕಾಸ್ಟಿಕ್ ಸೋಡಾ, ಅಲ್ಯೂಮಿನಿಯಂ ಚೂರು, ನೀರು ಹಾಕಿ ಸ್ಥಳದಲ್ಲೇ ಹೈಡ್ರೋಜನ್ ತಯಾರಿಸಿಕೊಳ್ಳುತ್ತಾರೆ. ಕಾಸ್ಟಿಕ್ ಆ ಸಿಲಿಂಡರನ್ನು ಒಳಗಿನಿಂದ ತಿನ್ನುತ್ತಿರುತ್ತದೆ, ಒಳಗೆ ಬಿಸಿಯೂ ಒತ್ತಡವೂ ಏರುತ್ತಿರುತ್ತವೆ. ಅಂಥ ಸಿಲಿಂಡರ್ ಸಿಡಿದು ಗಾಯಗೊಂಡವರು ಬಂದರೆ ಮೈಮೇಲಿನ ಸುಟ್ಟಗಾಯದ ಜೊತೆಗೇ ಕಣ್ಣು ಬಿಡಿಸಿ ನೋಡಿ. ಕಾಸ್ಟಿಕ್ ಬಿದ್ದ ಕಣ್ಣಿಗೆ ಡಾಕ್ಟರ್ ಬರುವವರೆಗೆ ಕಾಯದೆ ಸಲೈನ್ ಬಾಟಲಿಯನ್ನೋ ಶುದ್ಧ ನೀರನ್ನೋ ಹಿಡಿದು ಅರ್ಧ ತಾಸು ಬಿಡದೆ ತೊಳೆಯಿರಿ, ರೆಪ್ಪೆಯ ಒಳಮೈಯನ್ನೂ ಮಗುಚಿ ತೊಳೆಯಿರಿ.